ಸಾಂದಾಬಾಯಿಯ ಗಂಡ

ನನ್ನ ಗಂಡನ ಹೆಸರು ಸಿದ್ಧೇಶ್ವರ. ಬರೆಯುವುದಕ್ಕೆ ಅಡ್ಡಿಯಿಲ್ಲ. ಬಾಯಿಬಿಟ್ಟು ಹೇಳಬೇಕಾದರೆ ಮಾತ್ರ ನಮ್ಮ ಅಕ್ಕಲಕೋಟದಲ್ಲಿ ಹೆಂಗಸರಿಗೆ ಇರುವುದು ಒಂದೇ ದಾರಿ, ಒಡಪು. ಎರಡು ಸಾಲಿನ ಪದ್ಯ, ಅದರೊಳಗೆ ಗಂಡನ ಹೆಸರು, ಮುಖದ ಮೇಲೆ ನಾಚಿಕೆ. ನಾಚಿಕೆ ಬರದವರು ಸೆರಗಿನ ತುದಿ ಹಿಡಿದುಕೊಂಡು ಬಂದ ಹಾಗೆ ಮಾಡುತ್ತಾರೆ. ನಾನು ಈ ಎರಡನೆಯವರ ಪೈಕಿ.

ದಿನಾ ಬೆಳಿಗ್ಗೆ ಏಳೂವರೆಯ ಎಸ್‌ಟಿ ಬಸ್ಸಿನಲ್ಲಿ ಸೊಲ್ಲಾಪುರಕ್ಕೆ ಹೋಗಿ, ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸಿ, ಸಂಜೆ ವಾಪಸು ಬರುವುದು ನನ್ನ ಕೆಲಸ. ೧೯೯೪ರಲ್ಲಿ ಎಂ.ಫಿಲ್.ಗೆ ಹೆಸರು ಹಚ್ಚಿದೆ. ವಿಷಯ, ಸಮಕಾಲೀನ ರೊಮೇನಿಯಾದ ಕವಯಿತ್ರಿಯರಲ್ಲಿ ಸ್ತ್ರೀವಾದ. ರೊಮೇನಿಯಾನೇ ಯಾಕೆ ಎಂದು ಕೇಳದವರು ಯಾರೂ ಇಲ್ಲ. ನಿಜ ಹೇಳಬೇಕೆಂದರೆ ಉಳಿದ ದೇಶಗಳನ್ನೆಲ್ಲ ನನಗಿಂತ ಮೊದಲು ಬಂದವರು ಹಂಚಿಕೊಂಡುಬಿಟ್ಟಿದ್ದರು. ಗ್ರಂಥಾಲಯದ ಮೂಲೆಯಲ್ಲಿ ರೊಮೇನಿಯಾದ ಹೆಂಗಸರ ಕವಿತೆಗಳ ಒಂದು ಇಂಗ್ಲಿಷ್ ಪುಸ್ತಕವಿತ್ತು. ಅದನ್ನು ಒಬ್ಬರೂ ಮನೆಗೆ ಒಯ್ದಿರಲಿಲ್ಲ. ಕನಿಕರದಿಂದ ಎತ್ತಿಕೊಂಡೆ.

ಓದತೊಡಗಿದ ಮೇಲೆ ಕನಿಕರಕ್ಕೆ ಜಾಗವೇ ಉಳಿಯಲಿಲ್ಲ. ಆ ದೇಶದಲ್ಲಿ ಸರ್ವಾಧಿಕಾರಿಯ ಕಾಲಕ್ಕೆ ಬ್ರೆಡ್ಡಿಗೂ ಸಾಲು, ಹಾಲಿಗೂ ಸಾಲು. ಮಕ್ಕಳನ್ನು ಹೆರುವ ವಿಷಯವನ್ನೂ ಸರಕಾರವೇ ನಿರ್ಧರಿಸುತ್ತಿತ್ತಂತೆ. ಹೇಳಬೇಕಾದದ್ದನ್ನು ಆ ಹೆಂಗಸರು ಪಾತ್ರೆ, ಕಿಟಕಿ, ಒಗೆದ ಬಟ್ಟೆಗಳ ಹಿಂದೆ ಬಚ್ಚಿಟ್ಟು ಬರೆದರು. ಆಮೇಲೆ ಸರ್ವಾಧಿಕಾರಿ ಹೋದ, ಒಲೆ ಇದ್ದಲ್ಲೇ ಉಳಿಯಿತು. ಅದನ್ನೂ ಬರೆದರು. ಮುನ್ನುಡಿಯಲ್ಲಿ ನನಗೆ ಇನ್ನೊಂದು ಫಜೀತಿ ಕಾದಿತ್ತು: ಇವರಲ್ಲಿ ಅನೇಕರಿಗೆ ಸ್ತ್ರೀವಾದಿ ಎಂದು ಕರೆದರೆ ಸಿಟ್ಟು ಬರುತ್ತದಂತೆ. ತಾನು ಸ್ತ್ರೀವಾದಿಯಲ್ಲ ಎನ್ನುವವಳ ಸ್ತ್ರೀವಾದದ ಮೇಲೆ ನಾನು ಇನ್ನೂರು ಪುಟ ಬರೆಯಬೇಕಿತ್ತು!

ಎಂ.ಫಿಲ್. ಪಕ್ಕಕ್ಕಿಟ್ಟು ಆ ಕವಿತೆಗಳನ್ನು ಕನ್ನಡಕ್ಕೆ ತರಲು ಕೂತೆ. ಕೂತದ್ದು ಹೆಚ್ಚಾಗಿ ಬಸ್ಸಿನಲ್ಲೇ, ತೊಡೆಯ ಮೇಲೆ ಪ್ಯಾಡು ಇಟ್ಟುಕೊಂಡು. ಸಂಜೆ ಮನೆಗೆ ಬಂದು ಅಡುಗೆಮನೆಯಲ್ಲಿ ಅತ್ತೆಗೆ ಓದಿ ತೋರಿಸುತ್ತಿದ್ದೆ. ಅತ್ತೆ ತುಳಜಾಬಾಯಿ ನಾಲ್ಕನೆಯ ಇಯತ್ತೆ ಓದಿದವರು, ಜೋಳದ ಭಾಕರಿ ಬಡಿಯುತ್ತ ಕೇಳುವರು. ಅವರಿಗೆ ತಿಳಿಯದ ಮಾತು ಬಂದರೆ ಕೈ ನಿಲ್ಲುತ್ತಿತ್ತು. ಕೈ ನಿಂತಲ್ಲಿ ನಾನು ಪೆನ್ಸಿಲಿನಿಂದ ಗುರುತು ಹಾಕಿ ತಿದ್ದುತ್ತಿದ್ದೆ. ವಿಶ್ವವಿದ್ಯಾಲಯದ ಯಾವ ಮಾರ್ಗದರ್ಶಕರೂ ನನ್ನನ್ನು ಅಷ್ಟು ನೇರ ದಾರಿಗೆ ತಂದಿಲ್ಲ.

ಸಾಂದಾ ಎಂಬಾಕೆಯ ಒಂದು ಪುಟ್ಟ ಕವಿತೆ ಓದಿದ ಸಂಜೆ ಕೈ ಎರಡು ಸಲ ನಿಂತಿತು.

"ಸೂಪ್ ಅಂದ್ರ ಏನವಾ?"

"ಸಾರ ಇದ್ದಂಗ್ರಿ ಅತ್ತಿ."

"ಮತ್ತ ಸಾರ ಅನ್ನಾಕ ಏನ ಧಾಡಿ? ಅದೇನೋ ಕ್ರಾಂತಿ ಅಂದೆಲ್ಲ, ಅದರಾಗ ಏನ ಮಾಡತಾರ?"

"ಮಂದಿ ಎಲ್ಲಾ ಕೂಡಿ ರಸ್ತಾಕ್ಕ ಬಂದು ಘೋಷಣಾ ಕೂಗತಾರ್ರಿ."

"ಮೋರ್ಚಾ ಅನ್ನು."

ಮೋರ್ಚಾ ಎಂದೇ ಬರೆದೆ. ತಿದ್ದಿದ್ದನ್ನು ಅತ್ತೆ ಮೂರು ಸಲ ಓದಿಸಿಕೊಂಡರು. ಇನ್ನೂ ತಿಳಿದಿಲ್ಲವೇನೋ ಎಂದುಕೊಂಡೆ ನಾನು. ಕವಿತೆ ಹೀಗಿತ್ತು:

ಗಂಡ ಮೋರ್ಚಾದಿಂದ ಮನೆಗೆ ಬಂದ.
ಗಂಟಲು ಬಿದ್ದಿತ್ತು, ಕಣ್ಣು ಹೊಳೆಯುತ್ತಿತ್ತು.
ಸ್ವಾತಂತ್ರ್ಯ ಬಂತು ನೋಡು, ಅಂದ.
ಚೌಕದ ತುಂಬ ಜನ, ನೀನು ನೋಡಬೇಕಿತ್ತು, ಅಂದ.
ಬೂಟು ಬಿಚ್ಚಿದ. ಸಾರು ಎಲ್ಲಿ, ಅಂದ.
ನಾನು ಕಿಟಕಿಯಿಂದ ಬಗ್ಗಿ ನೋಡಿದೆ.
ಸ್ವಾತಂತ್ರ್ಯ ಕೆಳಗೆ ಮೆಟ್ಟಿಲ ಹತ್ತಿರ ನಿಂತು
ನಮ್ಮ ಮನೆ ಯಾವ ಮಹಡಿಯಲ್ಲಿದೆ ಎಂದು
ಯಾರನ್ನೋ ಕೇಳುತ್ತಿತ್ತು.

ಈಗ ಸಿದ್ಧೇಶ್ವರರ ಕಥೆಗೆ ಬರುತ್ತೇನೆ. ಅವರು ತಾಲೂಕು ಕಚೇರಿಯಲ್ಲಿ ಹೆಡ್ ಕ್ಲರ್ಕ್, ನೌಕರರ ಸಂಘದ ಸಹಕಾರ್ಯದರ್ಶಿ. ೧೯೯೬ರ ಸಂಕ್ರಾಂತಿಗೆ ನಾಲ್ಕು ದಿನ ಮೊದಲು ಸೊಲ್ಲಾಪುರದಲ್ಲಿ ಅವರ ಸಂಘದ ಮೋರ್ಚಾ ಇತ್ತು. ಬೇಡಿಕೆಗಳು ಮಂಜೂರಾದವು. ಕೊರಳಲ್ಲಿ ಚೆಂಡು ಹೂವಿನ ಮಾಲೆ, ಗಂಟಲು ಬಿದ್ದುಹೋಗಿದೆ, ಇಡೀ ಗಲ್ಲಿ ಹೊರಗೆ ನಿಂತು ನೋಡುತ್ತಿದೆ, ಇವರು ಒಳಗೆ ಬಂದು ಚಪ್ಪಲಿ ಬಿಟ್ಟು, "ಗೆದ್ದಿವಿ! ನೀ ನೋಡಬೇಕಿತ್ತು ಮನೀಷಾ," ಎಂದರು. ಅದರ ಬೆನ್ನಿಗೇ, "ಊಟಕ್ಕ ಹಾಕು, ಸಾರ ಬಿಸಿ ಐತೇನು?" ಎಂದರು. ನಾನು ಮತ್ತು ಅತ್ತೆ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು.

ಸಂಕ್ರಾಂತಿಯ ಹಳದಿ-ಕುಂಕುಮಕ್ಕೆ ನಮ್ಮ ಮನೆಗೆ ಇಪ್ಪತ್ತೈದು ಹೆಂಗಸರು ಬಂದರು. ಎಳ್ಳುಂಡಿ ಹಂಚಿದ್ದಾಯಿತು, ಎಲ್ಲರಿಗೂ ಒಂದೊಂದು ಪ್ಲಾಸ್ಟಿಕ್ ಡಬ್ಬಿ ಕೊಟ್ಟದ್ದಾಯಿತು. ಅತ್ತೆ ಮಾತ್ರ ಅಡುಗೆಮನೆಯ ಹೊಸ್ತಿಲ ಆಚೆ. ಮಾವ ಶಾಂತಲಿಂಗಪ್ಪನವರು ತೀರಿಕೊಂಡು ಒಂಬತ್ತು ವರ್ಷವಾಗಿತ್ತು. ಗಂಡ ಹೋದವಳಿಗೆ ಕುಂಕುಮವೂ ಇಲ್ಲ, ಒಡಪೂ ಇಲ್ಲ. ಆ ಹೆಸರು ಹೇಳಲು ಇದ್ದ ಒಂದೇ ದಾರಿಯೂ ಮುಚ್ಚಿದ ಹಾಗೆ. ಈ ರೂಢಿ ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಹಾಗಂತ ಅವತ್ತು ಬಾಯಿ ಮುಚ್ಚಿಕೊಂಡು ಎಳ್ಳುಂಡಿ ಹಂಚಿದವಳೂ ನಾನೇ.

ಒಡಪು ಶುರುವಾಯಿತು. ಎದುರು ಮನೆಯ ಶಾರದಾಬಾಯಿ ಇದರಲ್ಲಿ ಪಟ್ಟದ ರಾಣಿ. "ಅಕ್ಕಲಕೋಟ ಪ್ಯಾಟ್ಯಾಗ ಹೂವಿನ ಸಂತಿ, ಕಲ್ಲಣ್ಣನವರ ಹೆಸರ ಹೇಳಾಕ ನನಗ್ಯಾತರ ಚಿಂತಿ!" ಚಪ್ಪಾಳೆ ಬಿತ್ತು. ನನ್ನ ಸರದಿ ಬಂದಾಗ ಹೊಟ್ಟೆಯೊಳಗಿನ ಉರಿಯೇ ಇರಬೇಕು, ಕಪಾಟಿನ ಮೇಲಿದ್ದ ಪ್ಯಾಡು ತೆಗೆದುಕೊಂಡು ಸಾಂದಾಳ ಕವಿತೆ ಓದಿಬಿಟ್ಟೆ.

ಎಲ್ಲರೂ ಕೊನೆಯ ಸಾಲಿನ ಆಚೆಗೆ ಏನೋ ಬರಬೇಕೆಂದು ಕಾದರು.

"ಹೆಸರ ಎಲ್ಲಿ ಬಂತು?" ಎಂದರು ಶಾರದಾಬಾಯಿ. ಕ್ಷಣ ಬಿಟ್ಟು ತಾವೇ ತೊಡೆ ತಟ್ಟಿಕೊಂಡು, "ಅಯ್ಯ, ತಿಳೀತ ಬಿಡ! ಮೋರ್ಚಾದಿಂದ ಬಂದು ಸಾರ ಕೇಳಿದವರು ಸಿದ್ಧೇಶ್ವರಪ್ಪ!" ಎಂದರು. ಮನೆ ನಗುವಿನಿಂದ ತುಂಬಿಹೋಯಿತು. ಇದು ನಮ್ಮ ಊರಿನ ಕಿವಿ. ಹೆಣ್ಣಿನ ಬಾಯಲ್ಲಿ ಪದ್ಯ ಬಂತೆಂದರೆ ಅದರೊಳಗಿನ ಗಂಡ ಅವಳ ಗಂಡನೇ ಆಗಬೇಕು, ಬೇರೆಯವರ ಗಂಡನನ್ನು ಯಾವ ಮರ್ಯಾದಸ್ಥೆ ಪದ್ಯದಲ್ಲಿ ತರುತ್ತಾಳೆ? ರೊಮೇನಿಯಾ, ಸಾಂದಾ, ಅನುವಾದ ಎಂದು ನಾನು ಕೂಗಿ ಹೇಳಿದ್ದು ನನಗೇ ಕೇಳಿಸಲಿಲ್ಲ.

ಮರುದಿನ ಕಚೇರಿಯಲ್ಲಿ ಜವಾನ ಪೀರಪ್ಪ ಬಹಳ ವಿನಯದಿಂದ ಕೇಳಿದನಂತೆ: "ಸಾಹೇಬ್ರ, ಸಾರ ಸಿಕ್ಕತೇನ್ರಿ?" ಬಸ್ ಸ್ಟ್ಯಾಂಡಿನ ಹೋಟೆಲಿನಲ್ಲಿ ಚಹಾ ಹೇಳಿದರೆ, "ಚಾನೋ, ಸಾರೋ?" ಎಂಬ ಪ್ರಶ್ನೆ. ಮೂರನೆಯ ದಿನ ಸ್ವತಃ ತಹಸೀಲ್ದಾರರು ಫೈಲಿನ ಮೇಲೆ ಸಹಿ ಮಾಡುತ್ತ ಮುಗುಳ್ನಕ್ಕರು. ಸಿದ್ಧೇಶ್ವರರು ಮನೆಗೆ ಬಂದು ಟೊಪ್ಪಿಗೆ ಗೂಟಕ್ಕೆ ಹಾಕಿ ನನ್ನ ಎದುರು ನಿಂತರು.

"ಊರ ಮಂದಿಗೆ ನಾ ಸಾರಪ್ಪ ಆಗೀನಿ, ಗೊತ್ತೈತೇನು?"

"ಅದು ನಿಮ್ಮ ಮ್ಯಾಲ ಅಲ್ರಿ. ರೊಮೇನಿಯಾದಾಕಿ ಬರದದ್ದು."

"ರೊಮೇನಿಯಾದಾಗ ಮೋರ್ಚಾ ಎಲ್ಲಿಂದ ಬಂತು?"

ಅಂದಿನಿಂದ ಅವರು ಸಾರು ಬಿಟ್ಟರು. ಭಾಕರಿಗೆ ಶೇಂಗಾ ಚಟ್ನಿ ಹಚ್ಚಿಕೊಂಡು, ನೀರು ಕುಡಿದು ನುಂಗಿ, ಎದ್ದು ಹೋಗುವರು. ಒಣಗಿದ ಗಂಟಲಿನಿಂದ ನಡೆದ ಆ ಸತ್ಯಾಗ್ರಹ ಹನ್ನೆರಡು ದಿನ ನಡೆಯಿತು. ಮೊದಲೆರಡು ದಿನ ನನಗೆ ನಗು ಬಂತು, ಆಮೇಲೆ ಬೇಸರವಾಯಿತು. ಅವರು ಕೆಟ್ಟವರಲ್ಲ. ನಾನು ಎಂ.ಫಿಲ್.ಗೆ ಹೆಸರು ಹಚ್ಚುತ್ತೇನೆಂದಾಗ ಫಾರ್ಮು ತಂದವರು ಅವರೇ, ನನ್ನ ಬಸ್ಸು ತಡವಾದರೆ ಸ್ಟ್ಯಾಂಡಿಗೆ ಬಂದು ನಿಲ್ಲುವವರೂ ಅವರೇ.

ಇಷ್ಟೇ ಆಗಿದ್ದರೆ ಹೋಳಿಯ ಹೊತ್ತಿಗೆ ಊರು ಮರೆಯುತ್ತಿತ್ತು. ಆದರೆ ತಿಂಗಳ ಕೊನೆಯ ಭಾನುವಾರ ಸೊಲ್ಲಾಪುರದಲ್ಲಿ ಕನ್ನಡದ ಮಂದಿ ಕೂಡುವ ಸಭೆಯಲ್ಲಿ ನನ್ನ ಅನುವಾದಗಳ ಓದು ಇಟ್ಟುಕೊಂಡಿತ್ತು. ಸಭೆ ನಡೆಸುವವರು ಅಮೃತಪ್ಪನವರು. ಅವರದೊಂದು ಛಾಪಖಾನೆ, ವರ್ಷವಿಡೀ ಲಗ್ನಪತ್ರಿಕೆ, ವರ್ಷಕ್ಕೊಂದು ಕನ್ನಡ ಪುಸ್ತಕ. ಓದು ಜನರಿಗೆ ಹಿಡಿಸಿದರೆ ಈ ವರ್ಷದ ಪುಸ್ತಕ ನನ್ನದು. "ಆ ಸಾರಿನ ಕವಿತಾ ಮೊದಲ ಓದ್ರಿ," ಎಂದು ಅವರು ಮುಂಚೆಯೇ ಹೇಳಿದ್ದರು. "ಅದನ್ನ ಬಿಟ್ರ ಉಳದದ್ದು ಬರೇ ಹಿಮ. ಸೊಲ್ಲಾಪುರದ ಮಂದಿ ಹಿಮ ತಗೊಂಡು ಏನ ಮಾಡೋದೈತಿ?"

ನಲವತ್ತು ಕವಿತೆ, ಒಂದೂವರೆ ವರ್ಷದ ಬಸ್ ಪ್ರಯಾಣ. ನನಗೆ ಆ ಪುಸ್ತಕ ಬೇಕಾಗಿತ್ತು. ಮದುವೆಯಾದಾಗಿನಿಂದ ಯಾವುದನ್ನೂ ಅಷ್ಟು ಬೇಕು ಎಂದುಕೊಂಡಿರಲಿಲ್ಲ.

ಸಿದ್ಧೇಶ್ವರರು ಎರಡು ದಿನ ಯೋಚಿಸಿ ಷರತ್ತು ಹಾಕಿದರು. "ಓದಬ್ಯಾಡ ಅನ್ನಾಂಗಿಲ್ಲ. ಆದ್ರ ಓದೂ ಮೊದಲ ಇದನ್ನ ಓದು," ಎಂದು ಕಚೇರಿಯ ಹಾಳೆಯ ಮೇಲೆ ತಾವೇ ಮರಾಠಿಯಲ್ಲಿ ಬರೆದ ನಿವೇದನೆ ಕೊಟ್ಟರು. ಕನ್ನಡಕ್ಕೆ ತಂದರೆ ಅದು ಹೀಗಾಗುತ್ತದೆ: 'ಸದರಿ ಕವಿತೆಯಲ್ಲಿ ನಮೂದಿಸಿದ ಪತಿಗೂ, ಕವಿತೆಯನ್ನು ಓದುತ್ತಿರುವವರ ಪತಿಗೂ ಯಾವುದೇ ರೀತಿಯ ಸಂಬಂಧ ಇರುವುದಿಲ್ಲ. ಸಂಬಂಧಪಟ್ಟವರು ಗಮನಿಸತಕ್ಕದ್ದು.' ಕೆಳಗೆ ಸಹಿ ಮಾಡಲು ಜಾಗ ಬಿಟ್ಟಿದ್ದರು. "ನಮ್ಮ ಅಪ್ಪ ಸ್ವಾತಂತ್ರ್ಯದ ಝೇಂಡಾ ಹಿಡಕೊಂಡು ಹೋದವರು, ಮನೀಷಾ. ಆ ಮನಿತನದ ಹೆಸರ ಸಾರಿನ್ಯಾಗ ಮುಳಗಬಾರದು," ಎಂದರು. ನಾನು ಹಾಳೆ ಮಡಚಿ ಪರ್ಸಿನಲ್ಲಿಟ್ಟುಕೊಂಡೆ.

ಭಾನುವಾರ ಮಧ್ಯಾಹ್ನ ಮೂವರೂ ಬಸ್ಸು ಹತ್ತಿದೆವು. ಅತ್ತೆ ಎಂದೂ ಸಭೆ ಸಮಾರಂಭಕ್ಕೆ ಬಂದವರಲ್ಲ. "ಕವಿತಾ ನನ್ನ ಮುಂದ ಬೆಳದಾವ, ಹೆಂಗ ಓದತಿ ನೋಡತೀನಿ," ಎಂದು ಇಳಕಲ್ ಸೀರೆ ಉಟ್ಟು ತಯಾರಾಗಿ ಕೂತಿದ್ದರು. ದಾರಿಯುದ್ದಕ್ಕೂ ನನಗೆ ಆ ಹಾಳೆಯದೇ ಚಿಂತೆ. ಓದಿದರೆ ಏನು ಹೋಗುತ್ತದೆ, ಎರಡು ಸಾಲು, ಜನ ನಕ್ಕು ಮರೆಯುತ್ತಾರೆ. ಆದರೆ ಅದು ಸುಳ್ಳು. ಮೋರ್ಚಾ ಎಂಬ ಮಾತು ಅತ್ತೆ ಕೊಟ್ಟದ್ದು ನಿಜ. ಗಂಡನ ಮೋರ್ಚಾ ಆದ ಮೇಲೆ, ಬೇಕಾದರೆ ಬದಲಿಸಬಹುದಾಗಿತ್ತು. ಬದಲಿಸಲಿಲ್ಲ. ಹಳದಿ-ಕುಂಕುಮದಲ್ಲಿ ಓದುವಾಗ ನನ್ನ ಕಣ್ಣ ಮುಂದೆ ಇದ್ದದ್ದು ರೊಮೇನಿಯಾದ ಬುಖಾರೆಸ್ಟಿನ ಚೌಕವಲ್ಲ, ನಮ್ಮ ಬಾಗಿಲಲ್ಲಿ ಬಿಟ್ಟ ಕೊಲ್ಹಾಪುರಿ ಚಪ್ಪಲಿ. ಅಷ್ಟು ದೂರದ ಹೆಂಗಸೊಬ್ಬಳು ಕಷ್ಟಪಟ್ಟು ಬರೆದ ಮಾತಿಗೆ ನಾನು ಹೆದರಿ ಇಂಥ ಚೀಟಿ ಅಂಟಿಸಬೇಕೇ ಎಂದು ಒಂದು ಕಡೆ ಸಿಟ್ಟು. ಪಕ್ಕದಲ್ಲಿ ಕೂತ ಗಂಡನ ಬಾಡಿದ ಮುಖ ನೋಡಿ ಇನ್ನೊಂದು ಕಡೆ ಸಂಕಟ.

ಸಭೆ ಇದ್ದದ್ದು ಬಾಳಿವೇಸಿನ ಹತ್ತಿರ, ಒಂದು ಹಳೆಯ ವಾಡೆಯ ಮಾಳಿಗೆಯ ಮೇಲೆ. ಅರವತ್ತು ಎಪ್ಪತ್ತು ಜನ, ಅರ್ಧಕ್ಕೆ ಅರ್ಧ ಹೆಂಗಸರು. ಅಮೃತಪ್ಪನವರು ರೊಮೇನಿಯಾ ಎಲ್ಲಿದೆ ಎಂದು ಹತ್ತು ನಿಮಿಷ ವಿವರಿಸಿ, ಕೊನೆಗೆ ಅದು ಬಹಳ ದೂರ ಎಂದು ಮುಗಿಸಿದರು. ನಾನು ಎದ್ದೆ. ಎದುರು ಸಾಲಿನಲ್ಲಿ ಸಿದ್ಧೇಶ್ವರರು ನೆಟ್ಟಗೆ ಕೂತು ನನ್ನ ಪರ್ಸನ್ನೇ ನೋಡುತ್ತಿದ್ದರು. ಹಾಳೆ ತೆಗೆದೆ. ಬಿಚ್ಚಿದೆ. ಮತ್ತೆ ಮಡಚಿದೆ. ಸಾಂದಾಳ ಕವಿತೆಯನ್ನು ಒಂದೇ ಉಸಿರಿಗೆ ಓದಿದೆ.

ಇಲ್ಲಿಯ ಕಿವಿಯೂ ಅದೇ ಕಿವಿ. ಓದು ಮುಗಿದ ಕೂಡಲೇ ಎರಡನೆಯ ಸಾಲಿನ ಒಬ್ಬ ದಪ್ಪ ಹೆಂಗಸು ಸಲುಗೆಯಿಂದ ಕೇಳಿಯೇಬಿಟ್ಟಳು: "ಛಲೋ ಆತ್ರಿ ಮೇಡಂ, ಆದ್ರ ಹೆಸರ ಬರಲಿಲ್ಲಲ್ಲ. ಯಾರ ಗಂಡ್ರಿ ಅಂವಾ?" ಜನ ನಕ್ಕರು. ನಾಲ್ಕು ಕಣ್ಣು ಸಿದ್ಧೇಶ್ವರರ ಕಡೆ ತಿರುಗಿದವು, ಆಮೇಲೆ ನಲವತ್ತು. ಅವರು ತಲೆ ತಗ್ಗಿಸಿದರು. ಅವರಲ್ಲ ಎಂದರೆ ಸುಳ್ಳು, ಅವರೇ ಎಂದರೆ ಆ ಮನುಷ್ಯ ಅಕ್ಕಲಕೋಟಕ್ಕೆ ಹೇಗೆ ಮರಳಬೇಕು?

"ನಾ ಹೇಳತೀನಿ."

ಅತ್ತೆ ಎದ್ದು ನಿಂತಿದ್ದರು. ಒಂದು ಕೈಯಲ್ಲಿ ಮುಂದಿನ ಕುರ್ಚಿ ಹಿಡಿದಿದ್ದರು.

"ಅವರ ಹೆಸರ ಶಾಂತಲಿಂಗಪ್ಪ."

ಪದ್ಯವಿಲ್ಲ, ಪ್ರಾಸವಿಲ್ಲ, ನಾಚಿಕೆಯಂತೂ ಮೊದಲೇ ಇಲ್ಲ. ಸಿದ್ಧೇಶ್ವರರು ಗಕ್ಕನೆ ತಲೆ ಎತ್ತಿದರು. ತಾಯಿಯ ಬಾಯಲ್ಲಿ ಅಪ್ಪನ ಹೆಸರನ್ನು ಅವರು ಹೀಗೆ ಕೇಳಿದ್ದು ಅದೇ ಮೊದಲು.

"ನನ್ನ ಯಜಮಾನ್ರು," ಎಂದರು ಅತ್ತೆ, ಆ ದಪ್ಪ ಹೆಂಗಸಿಗೆ ಒಬ್ಬಳಿಗೇ ಹೇಳುವಂತೆ. "ಸ್ವಾತಂತ್ರ್ಯ ಬಂದ ದಿನಾ ನಾವು ಇಲ್ಲೇ ಆಚೀ ಗಲ್ಲ್ಯಾಗ ಬಾಡಿಗಿ ಖೋಲ್ಯಾಗ ಇದ್ವಿ. ನನಗ ಹದಿನಾರು ವರ್ಷ. ಝೇಂಡಾ ಏರಸೋದು ನೋಡಬೇಕಂತ ನಾ ಮುಂಜಾನೇನ ಎದ್ದು, ಜಳಕಾ ಮಾಡಿ, ಲಗ್ನದ ಸೀರಿ ಉಟಗೊಂಡು ಕುಂತಿದ್ದೆ. ಅವರು ಝೇಂಡಾ ತಗೊಂಡು ಹೋದ್ರು. ಗದ್ದಲದಾಗ ಹುಡಿಗಿ ಒಬ್ಬಾಕೀನ ಅಂತ ಹೊರಗಿಂದ ಕೊಂಡಿ ಹಾಕ್ಕೊಂಡು ಹೋದ್ರು. ಸಂಜೀಕ ಬಂದ್ರು, ಕೊಂಡಿ ತಗದ್ರು. ಸ್ವಾತಂತ್ರ್ಯ ಬಂತು ತುಳಜಾ, ನೀ ನೋಡಬೇಕಿತ್ತು, ಅಂದ್ರು. ಊಟಕ್ಕ ಏನ ಮಾಡೀದಿ, ಅಂದ್ರು."

ಅತ್ತೆ ಕೂತುಬಿಟ್ಟರು. ನನ್ನ ಕಣ್ಣು ತುಂಬಿ ಬಂದು ಪ್ಯಾಡಿನ ಮೇಲಿನ ಅಕ್ಷರ ಕಾಣದಾಯಿತು. ನಲವತ್ತೆಂಟು ವರ್ಷ ಯಾರಿಗೂ ಹೇಳದ ಮಾತನ್ನು ನಾನು ಮೂರು ಸಲ ಅವರಿಗೇ ಓದಿ ಹೇಳಿದ್ದೆ, ತಿಳಿದಿಲ್ಲವೇನೋ ಎಂದುಕೊಂಡು.

ಆಗ ಆ ದಪ್ಪ ಹೆಂಗಸು ನಿಟ್ಟುಸಿರು ಬಿಟ್ಟು, "ಅಲ್ರಿ ಅಜ್ಜಿ, ನನಗನಸತೈತಿ ಅಂವಾ ನಮ್ಮ ಬಸಣ್ಣ," ಎಂದಳು. ಹಿಂದಿನಿಂದ ಒಂದು ದನಿ, "ಇಲ್ಲವಾ, ನಮ್ಮ ಮನಿಯವರು. ಮಲ್ಲಿನಾಥ." ಇನ್ನೊಂದು ಮೂಲೆಯಿಂದ ಇನ್ನೊಂದು ಹೆಸರು. ಹರಾಜಿನಲ್ಲಿ ಕೂಗಿದ ಹಾಗೆ ಹೆಸರುಗಳು ಬಂದವು, ಪ್ರತಿ ಹೆಸರಿಗೂ ನಗು, ಪ್ರತಿ ನಗುವಿಗೂ ಒಬ್ಬ ಗಂಡಸು ಕುರ್ಚಿಯಲ್ಲಿ ಕುಗ್ಗುವುದು. ಅಧ್ಯಕ್ಷರ ಕುರ್ಚಿಯಿಂದ ಅಮೃತಪ್ಪನವರು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಮೂರನೆಯ ಸಾಲಿನಿಂದ ಅವರ ಹೆಂಡತಿ ಶಾಂತವಾಗಿ "ಅಮೃತಪ್ಪ" ಎಂದಾಗ ಅವರ ನಗು ನಿಂತಿತು. ಗಂಟಲು ಸರಿಮಾಡಿಕೊಂಡು, "ಪುಸ್ತಕ ಛಾಪಸೋದು ಖಾತ್ರಿ," ಎಂದರು. ಉಳಿದ ಹಿಮದ ಕವಿತೆಗಳನ್ನೂ ಜನ ಬಹಳ ಪ್ರೀತಿಯಿಂದ ಕೇಳಿದರು.

ಸಂಜೆಯ ಬಸ್ಸಿನಲ್ಲಿ ಸಿದ್ಧೇಶ್ವರರು ಕಿಟಕಿಯ ಪಕ್ಕ ಕೂತಿದ್ದರು. ದಾರಿಯ ಕುಂಭಾರಿ ಊರು ದಾಟಿದ ಮೇಲೆ, "ಅವ್ವಾ, ಕೊಂಡಿ ಹಾಕಿದ್ರು ಅಂತ ನೀ ಎಂದೂ ಹೇಳಲಿಲ್ಲಲ್ಲ," ಎಂದರು.

"ಯಾರ ಕೇಳಿದ್ರು ನನ್ನ?"

ಅವರು ನನ್ನ ಕಡೆ ಬಾಗಿ, ಎಲ್ಲೋ ಏನೋ ಕಳೆದುಕೊಂಡವರ ಹಾಗೆ ಕೇಳಿದರು: "ಹಂಗಾದ್ರ ಆ ಕವಿತಾ ನನ್ನ ಮ್ಯಾಲ ಅಲ್ಲೇನು?"

"ಆ ಮೋರ್ಚಾ ನಿಮ್ಮದರಿ," ಎಂದೆ. "ಉಳದದ್ದು ಎಲ್ಲಾರದು. ಆ ನಿಮ್ಮ ಹಾಳಿ ಓದಾಕ ನನಗ ಆಗಲಿಲ್ಲ. ಸುಳ್ಳ ಆಗತಿತ್ತು."

"ಗೊತ್ತಾತು," ಎಂದರು. ಹನ್ನೆರಡು ದಿನದ ನಂತರ ಮೊದಲ ಸಲ ನಕ್ಕರು. "ಮೋರ್ಚಾ ತಗೀಬ್ಯಾಡ. ಇರಲಿ."

ನಡುವೆ ಕೂತಿದ್ದ ಅತ್ತೆಗೆ ನಮ್ಮ ರಾಜಿಯಲ್ಲಿ ಆಸಕ್ತಿ ಇರಲಿಲ್ಲ. "ಮನೀಷಾ, ಆ ಸಾಂದಾಬಾಯಿಗೆ ಒಂದು ಕಾಗದಾ ಬರಿ," ಎಂದರು. "ಅವತ್ತ ಸಾರ ಬಡಿಸಿದಳೋ ಇಲ್ಲೋ ಕೇಳು. ಕವಿತಾದಾಗ ಅದನ್ನ ಹೇಳೇ ಇಲ್ಲ ಆಕಿ."

"ಬರಿತೀನ್ರಿ. ನೀವು ಬಡಿಸಿದ್ರೇನ್ರಿ ಅತ್ತಿ?"

"ಬಡಿಸಿದೆ. ಬಡಿಸದ ಏನ ಮಾಡ್ಲಿ? ಆದ್ರ ಉಪ್ಪ ಹಾಕಲಿಲ್ಲ."

ಕಂಡಕ್ಟರ್ ತಿರುಗಿ ನೋಡುವಷ್ಟು ಜೋರಾಗಿ ನಕ್ಕುಬಿಟ್ಟೆ. "ಮತ್ತ ಮಾವ ಏನಂದ್ರು?"

"ಏನಂತಾರ? ಎರಡ ಸಲ 'ಸ್ವಾತಂತ್ರ್ಯ ಬಂತು' ಅಂದ್ರು, ಎರಡ ಸಲ ಹಾಕಿಸಿಕೊಂಡು ಉಂಡ್ರು," ಎಂದರು ಅತ್ತೆ. "ಉಪ್ಪಿಲ್ಲಂತ ಅವರಿಗೆ ಗೊತ್ತೇ ಆಗಲಿಲ್ಲ."